ಗೋಡೆ ಮೇಲೆ ಹೊಂಗೆ ಹೂವು

ಇವತ್ತು ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡಬೇಕಿತ್ತು. ಆಗಲಿಲ್ಲ.

ಕೆಳಗಿಟ್ಟದ್ದನ್ನ ಪ್ರೊಜೆಕ್ಟರ್ ಮೂಲಕ ಗೋಡೆ ಮೇಲೆ ದೊಡ್ಡದಾಗಿ ತೋರಿಸುವ ಡಾಕ್ಯುಮೆಂಟ್ ಕ್ಯಾಮೆರಾ ಆನ್ ಮಾಡಿ, ಅದರಡಿ ಪುಸ್ತಕ ಇಡುವಷ್ಟರಲ್ಲಿ ಒಬ್ಬಳು ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಹೊಂಗೆ ಹೂವು. ಯುಗಾದಿ ಹೊತ್ತಿಗೆ ಜಯನಗರದ ಫುಟ್‌ಪಾತ್ ತುಂಬ ಉದುರಿರುತ್ತಲ್ಲ, ತುಳಿದುಕೊಂಡೇ ಹೋಗ್ತೀವಲ್ಲ, ಅದೇ.

"ಮಿಸ್, ಇದನ್ನ ಇಡಿ ಮಿಸ್."

ಒಂದೇ ಒಂದು ಇಟ್ಟೆ. ಒಂದು ಕ್ಷಣ ಎಲ್ಲ ಮಸುಕು, ಆಮೇಲೆ ಫೋಕಸ್ ಕೂತಿತು. ಬೆರಳ ತುದಿಯಷ್ಟಿದ್ದ ಹೂವು ಗೋಡೆ ಮೇಲೆ ಮೊರದಷ್ಟಾಯ್ತು! ಕಂದು ಬಟ್ಟಲು, ತಿಳಿ ನೇರಳೆ ದಳ. ಗುಂಡುಸೂಜಿಯಲ್ಲಿ ಮೆಲ್ಲಗೆ ಬಿಡಿಸಿದೆ. ಮೇಲೆ ಅಗಲದ್ದು ಒಂದು, ಪಕ್ಕಕ್ಕೆ ಎರಡು, ಕೆಳಗೆ ದೋಣಿ ಥರ ಅಂಟಿಕೊಂಡ ಎರಡು. ಅವರೆ, ತೊಗರಿ ಹೂವೂ ಹೀಗೇ, ಒಂದೇ ಬಳಗ. ದೋಣಿಯೊಳಗೆ ಕೇಸರಗಳು.

"10 ಇದೆ ಮಿಸ್!" ಕೂಗಿದ್ದು ಕೊನೆ ಬೆಂಚಿನ ಹುಡುಗ. ವರ್ಷಪೂರ್ತಿ ಅವನ ದನಿ ನಾನು ಕೇಳಿದ್ದೇ ಕಡಿಮೆ.

ನಾನು ಓದುವಾಗಲೂ ಟೀಚರ್ ಹೂವು ತರುತ್ತಿದ್ದರು. ಕೈಯಿಂದ ಕೈಗೆ ದಾಟಿ ಹಿಂದಿನ ಬೆಂಚಿಗೆ ಬರುವಷ್ಟರಲ್ಲಿ ಬಾಡಿ, ಹಿಸುಕಿ, ಬರೀ ತೊಟ್ಟು ಉಳಿದಿರುತ್ತಿತ್ತು. ನಾನೂ ಅಲ್ಲೇ ಕೂರುತ್ತಿದ್ದೆ. ಇವತ್ತು ಆ ಹುಡುಗನಿಗೆ ಮುಂದಿನವರಿಗೆ ಕಂಡಷ್ಟೇ ಕಂಡಿತು. ನನಗೆ ಅದೇ ಜಾಸ್ತಿ ಖುಷಿ. ಬೋರ್ಡಿಗೆ ತಿರುಗಿ ನಿಂತಿದ್ದರೆ ಅವನ ಮುಖ ನೋಡುತ್ತಲೇ ಇರಲಿಲ್ಲ, ಅಲ್ವಾ?

ಬೆಲ್ ಆಯ್ತು. ಹೂವು ತಂದವಳು 5 ದಳವನ್ನೂ ಎಣಿಸಿ, ಜಾಮಿಟ್ರಿ ಬಾಕ್ಸಿಗೆ ಹಾಕಿಕೊಂಡು ಹೋದಳು.

ಭಿನ್ನರಾಶಿ ನಾಳೆ.