ಎಲ್ಕ್ ಬೇಟೆಗೆ ಬ್ಯಾಗ್ ಹುಡುಕಾಟ: ಇಲ್ಲಿಯವರೆಗೆ

ಜೂನ್

ಬೇಟೆ ಲೈಸೆನ್ಸ್‌ನ ಲಾಟರಿ ಡ್ರಾನಲ್ಲಿ ನನಗೂ ಒಂದು ಸಿಕ್ಕಿದೆ. ಅಕ್ಟೋಬರ್ ಕೊನೆಯ ರೈಫಲ್ ಸೀಸನ್, ಹೆಣ್ಣು ಎಲ್ಕ್ (ದೊಡ್ಡ ಜಾತಿಯ ಜಿಂಕೆ), ಅಮೆರಿಕದ ಕೊಲೊರಾಡೋದ ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಶಿಕಾರಿ ಅಂದರೆ ಜೈಲು ಅಂತಲೇ ಕೇಳಿ ಬೆಳೆದವನು ನಾನು. ಇಲ್ಲಿ ಯಾವ ಪ್ರದೇಶಕ್ಕೆ ಎಷ್ಟು ಲೈಸೆನ್ಸ್ ಅಂತ ರಾಜ್ಯವೇ ಲೆಕ್ಕ ಹಾಕಿ ಕೊಡುತ್ತದೆ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿಯಾಗಿದೆ, ರೈಫಲ್ ಇದೆ, ಬೂಟು ಇದೆ. ಬ್ಯಾಗ್ ಒಂದಿಲ್ಲ.

ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಕುಮಾರ ಪರ್ವತ ಹತ್ತಿದ್ದ ಹಳೇ 30 ಲೀಟರ್ ಬ್ಯಾಗ್ ಇನ್ನೂ ಗಟ್ಟಿಯಾಗಿದೆ. ನೀರು, ತಿಂಡಿ, ಮಳೆ ಕೋಟು, ಹೆಡ್‌ಲ್ಯಾಂಪ್, ಚಾಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಆರಾಮಾಗಿ ಹಿಡಿಸುತ್ತದೆ. ಕಷ್ಟ ಶುರುವಾಗುವುದು ಗುಂಡು ತಗುಲಿದ ಮೇಲೆ. ದೊಡ್ಡ ಹೆಣ್ಣು ಎಲ್ಕ್ ಸುಮಾರು 500 ಪೌಂಡ್ ತೂಗುತ್ತದೆ. ನಾಲ್ಕು ಕಾಲಿನ ಮಾಂಸ, ಬೆನ್ನಿನ ಪಟ್ಟಿ, ಒಳಗಿನ ಮೆತ್ತನೆಯ ಮಾಂಸ ಇಷ್ಟನ್ನೂ ಹಾಳಾಗದಂತೆ ತರಬೇಕು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ಮೂಳೆ ಬಿಡಿಸಿದರೂ ಒಬ್ಬನೇ ಒಂದೇ ಸಲಕ್ಕೆ ಹೊರುವ ಮಾತಲ್ಲ. ನಾಲ್ಕೈದು ಸಲ ಓಡಾಡಬೇಕು. ಆದರೂ ಮೊದಲ ಸಲವೇ ಖಾಲಿ ಬೆನ್ನಲ್ಲಿ ಗಾಡಿಗೆ ಬರುವುದು ದಂಡ.

ಹಾಗಾಗಿ ನನಗೆ ಬೇಕಾಗಿರುವುದು ಇಷ್ಟು: ಬೆಳಗ್ಗೆ ಚಿಕ್ಕದಾಗಿರಬೇಕು, ಸಂಜೆ ಅಗತ್ಯ ಬಿದ್ದರೆ ಒಂದು ಹಿಂಗಾಲು ಹೊರಬೇಕು.

ಜುಲೈ

ಎರಡು ಬ್ಯಾಗ್ ಮನೆಗೆ ಬಂದಿವೆ. ಒಂದು 28 ಲೀಟರ್‌ನದು, ಒಳಗೆ ಫ್ರೇಮ್ ಇಲ್ಲ, ಬಟ್ಟೆ ಮೆತ್ತಗೆ, ಹಗುರ. ಇನ್ನೊಂದರಲ್ಲಿ ಗಟ್ಟಿ ಫ್ರೇಮ್ ಇದೆ. ಚೀಲವನ್ನು ಫ್ರೇಮ್‌ನಿಂದ ಸ್ವಲ್ಪ ಹಿಂದಕ್ಕೆ ಸರಿಸಿ ನಡುವೆ ಮಾಂಸದ ಮೂಟೆ ಇಟ್ಟು ಬಿಗಿಯಬಹುದು. ಭಾರ ಬೆನ್ನಿಗೆ ಅಂಟಿಕೊಂಡಿರುತ್ತದೆ, ಹಿಂದಕ್ಕೆ ಎಳೆಯುವುದಿಲ್ಲ. ಖಾಲಿ ಇದ್ದಾಗಲೇ 5 ಪೌಂಡ್ ಇದೆ, ಅದೊಂದು ಕೊರಗು.

ಪರೀಕ್ಷೆಗೆ ಸೋನಾ ಮಸೂರಿಗಿಂತ ಒಳ್ಳೆ ಸಾಮಾನು ಬೇಕಾ? ಇಂಡಿಯನ್ ಸ್ಟೋರ್‌ನ 20 ಪೌಂಡ್ ಅಕ್ಕಿ ಚೀಲಗಳನ್ನು ತುಂಬಿಕೊಂಡು ಲೇಕ್‌ವುಡ್‌ನ ಗ್ರೀನ್ ಮೌಂಟನ್ ಹತ್ತುತ್ತಿದ್ದೇನೆ. ಒಂದು ಚೀಲ ಇದ್ದಾಗ ಎರಡು ಬ್ಯಾಗ್‌ಗೂ ಏನೂ ವ್ಯತ್ಯಾಸ ಇಲ್ಲ. ಎರಡು ಚೀಲ ಆದಾಗ ಫ್ರೇಮ್ ಇಲ್ಲದ್ದು ಕುಸಿದು ಕೂತಿತು, ಭಾರವೆಲ್ಲ ಭುಜಕ್ಕೆ ಬಂತು. ಮೂರನೆಯದನ್ನು ಅದರಲ್ಲಿ ಹಾಕಲೇ ಇಲ್ಲ. ಫ್ರೇಮ್ ಇದ್ದದ್ದು ಮೂರನ್ನೂ ಹೊತ್ತಿತು. ನನ್ನ ಮೊಣಕಾಲಿನ ವಿಚಾರ ಬೇರೆ.

ಒಂದು ಮಾತು. ಬ್ಯಾಗ್ ಹೊಂದುತ್ತದೋ ಇಲ್ಲವೋ ಅನ್ನುವುದಕ್ಕೆ ನಿಮ್ಮ ಎತ್ತರ ಮುಖ್ಯ ಅಲ್ಲ, ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಟೇಪ್ ಹಿಡಿಯಿರಿ. ಬೆಲ್ಟ್ ಕೂರಬೇಕಾದ್ದು ಆ ಸೊಂಟದ ಮೂಳೆಯ ಮೇಲೆ, ಹೊಟ್ಟೆಯ ಮೇಲಲ್ಲ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿಕೊಂಡು ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಆಗಸ್ಟ್

ಸದ್ದಿನ ತಿಂಗಳು. ಫ್ರೇಮ್ ಬ್ಯಾಗನ್ನೇ ಇಟ್ಟುಕೊಂಡೆ, ಚಿಕ್ಕದನ್ನು ವಾಪಸ್ ಕಳಿಸಿದೆ. ಆದರೆ ಇದರ ನೈಲಾನ್ ಪೊದೆಗೆ ತಾಗಿದರೆ ಚರ್ ಅನ್ನುತ್ತದೆ. ಕಾರ್ಡುರಾ ತರಹದ ಬಟ್ಟೆ ಹರಿಯುವುದಿಲ್ಲ ನಿಜ, ಆದರೆ ಸುಮ್ನಿರುವುದೂ ಇಲ್ಲ. ಎಲ್ಕ್ ಕಿವಿಗೆ ಅಷ್ಟು ಸಾಕು. ಅದರ ಮೂಗಿನ ಮುಂದೆ ಇದೇನೂ ಅಲ್ಲ ಅಂತ ಹಳಬರು ಹೇಳುತ್ತಾರೆ, ಗಾಳಿ ನೋಡಿಕೊಂಡು ನಡಿ ಅಂತಾರೆ. ಒಪ್ಪಿದೆ. ಗಾಳಿ ನನ್ನ ಕೈಯಲ್ಲಿಲ್ಲ, ಜಿಪ್ ಇದೆ.

ಜಿಪ್‌ಗಳ ಲೋಹದ ತುಂಡು ಕಿತ್ತು ದಾರದ ಗಂಟು ಹಾಕಿದೆ. ನೇತಾಡುವ ಪಟ್ಟಿಗಳನ್ನು ಸುತ್ತಿ ಟೇಪ್ ಹಚ್ಚಿದೆ. ಒಂದು ಜೇಬಿಗೆ ವೆಲ್‌ಕ್ರೋ ಇತ್ತು. ಬೈನಾಕ್ಯುಲರ್ ತೆಗೆಯುವಾಗಲೆಲ್ಲ ಪರ್ ಅಂತ ಕಾಡಿಗೆಲ್ಲ ಸುದ್ದಿ ಕೊಡುತ್ತಿತ್ತು. ಅದರ ಮೇಲೆ ಬಟ್ಟೆ ಹೊಲಿದು ಮುಚ್ಚಿ, ಒಂದು ಗುಂಡಿ ಹಾಕಿದೆ. ಬದಿಗಳಿಗೆ ಹಳೇ ಫ್ಲೀಸ್ ಜಾಕೆಟ್ ಕತ್ತರಿಸಿ ಹೊಲಿದೆ. ನೋಡಲು ಚೆನ್ನಾಗಿಲ್ಲ. ಮಳೆ ಬಂದರೆ ಫ್ಲೀಸ್ ನೀರು ಹೀರುತ್ತದೆ ಅಂತಲೂ ಗೊತ್ತು. ಆದರೂ ಇರಲಿ.

ಸೆಪ್ಟೆಂಬರ್

ಬ್ಯಾಗಿನೊಳಗಿನ ನೀರಿನ ಚೀಲದಿಂದ ಹೀರಿ ಕುಡಿಯುವ ಕೊಳವೆ ಬೇಡ ಅಂತ ತೀರ್ಮಾನಿಸಿದೆ. 10,000 ಅಡಿ ಎತ್ತರದಲ್ಲಿ ಅಕ್ಟೋಬರ್ ಬೆಳಗಿನ ಚಳಿಗೆ ಮೊದಲು ಗಟ್ಟಿಯಾಗುವುದೇ ಆ ಸಣ್ಣ ಕೊಳವೆಯೊಳಗಿನ ನೀರು. ಕುಡಿದ ಮೇಲೆ ಊದಿ ನೀರನ್ನು ಚೀಲಕ್ಕೆ ಹಿಂದೆ ತಳ್ಳಿದರೆ ಆಗುತ್ತದೆ ನಿಜ. ನಸುಕಿನಲ್ಲಿ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಗಲ ಬಾಯಿಯ ಬಾಟಲಿಯನ್ನು ತಲೆಕೆಳಗಾಗಿ ಇಡುತ್ತೇನೆ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದಲ್ವಾ, ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ.

ಕಿತ್ತಳೆ ಬಣ್ಣ. ಕೊಲೊರಾಡೋದಲ್ಲಿ ರೈಫಲ್ ಬೇಟೆಗೆ ಸೊಂಟದಿಂದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಬೇಕು, ಟೋಪಿಯೂ ಅದೇ ಬಣ್ಣದ್ದು. ವೆಸ್ಟ್ ಹಾಕಿದ್ದೇನೆ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಈ ಬ್ಯಾಗ್ ಹಾಕಿದ ಕೂಡಲೇ ವೆಸ್ಟ್‌ನ ಹಿಂಭಾಗ ಪೂರ್ತಿ ಮರೆ. ಅದಕ್ಕೇ ಬ್ಯಾಗ್‌ಗೂ ಕಿತ್ತಳೆ ಹೊದಿಕೆ ತಂದೆ. ಮಾಂಸ ಹೊತ್ತು ಬಗ್ಗಿ ನಡೆಯುವಾಗ ಹಿಂದಿನಿಂದ ನೋಡುವವನಿಗೆ ನಾನು ಮನುಷ್ಯ ಅಂತ ಗೊತ್ತಾಗಬೇಕು.

ಬಾಕಿ ಇರುವುದು ರೈಫಲ್. ಅದರ ಪಟ್ಟಿ ಬ್ಯಾಗಿನ ಭುಜದ ಪಟ್ಟಿಯ ಮೇಲೆ ನಿಲ್ಲುವುದೇ ಇಲ್ಲ, ನಾಲ್ಕು ಹೆಜ್ಜೆಗೆ ಜಾರುತ್ತದೆ. ಸೊಂಟದ ಬೆಲ್ಟ್‌ಗೆ ಬುಡ ಕೂರಿಸಿ ನಳಿಗೆಯನ್ನು ಭುಜದ ಹತ್ತಿರ ಕಟ್ಟುವ ಒಂದು ತೊಟ್ಟಿಲು ಸಿಗುತ್ತದೆ. ಆರ್ಡರ್ ಮಾಡಿದ್ದೇನೆ. ಬಂದ ಮೇಲೆ ಖಾಲಿ ರೈಫಲ್, ಎರಡು ಚೀಲ ಅಕ್ಕಿ, ಮತ್ತೆ ಅದೇ ಗುಡ್ಡ.