ಪಾಸಿಟಿವ್ ಅಂದರೆ, ಯಾವುದಕ್ಕೆ?

ಲ್ಯಾಬ್ ಟೆಕ್ನೀಷಿಯನ್ ಆಗಿ ನಾನು ತುಂಬ ಎಚ್ಚರದಿಂದ ಬಳಸುವ ಪದ ಪಾಸಿಟಿವ್. ಕೊರೊನಾ ಬಂದುಹೋದ ಮೇಲಂತೂ ಈ ಪದ ಕಿವಿಗೆ ಬಿದ್ದರೆ ಸಾಕು, ಜನರ ಮುಖ ಬಾಡುತ್ತದೆ. ನೆಗೆಟಿವ್ ಅಂದರೆ ಜೀವ ಬಂದಂತಾಗುತ್ತದೆ. ಎಷ್ಟೋ ಸಲ ಆ ಭಯಕ್ಕೂ ಅರ್ಥವಿಲ್ಲ, ಆ ನೆಮ್ಮದಿಗೂ ಅರ್ಥವಿಲ್ಲ.

ಗರ್ಭಿಣಿ ಸೊಸೆಯ ರಿಪೋರ್ಟ್ ಒಯ್ಯಲು ಬಂದಿದ್ದ ಅಮ್ಮ ಒಬ್ಬರು ‘ಒ ನೆಗೆಟಿವ್’ ಅಂತ ಕೇಳಿದ್ದೇ ತಡ, “ಸದ್ಯ, ಏನೂ ಇಲ್ವಲ್ಲ ಬಿಡಪ್ಪ” ಎಂದು ಚೀಟಿ ಮಡಚತೊಡಗಿದರು. ಕೂರಿಸಿ ಹೇಳಿದೆ: “ಇದು ಕಾಯಿಲೆ ಇಲ್ಲ ಅನ್ನೋ ನೆಗೆಟಿವ್ ಅಲ್ಲಮ್ಮ, ರಕ್ತದ ಗುಂಪು. ನಿಮ್ಮ ಮಗಂದು ಪಾಸಿಟಿವ್ ಇದ್ರೆ ಮಗೂದೂ ಪಾಸಿಟಿವ್ ಆಗಬಹುದು. ಇದನ್ನ ಡಾಕ್ಟರಿಗೆ ತೋರಿಸಲೇಬೇಕು.” ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆ್ಯಂಟಿ-ಡಿ ಇಂಜೆಕ್ಷನ್ ಬೀಳಬೇಕು. ಇಲ್ಲವಾದರೆ ಆಕೆಯ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳು (ಆ್ಯಂಟಿಬಾಡಿ) ಮುಂದಿನ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಹುದು.

ಗುಂಪು ನೋಡುವಾಗ ಸ್ಲೈಡಿನ ಮೇಲೆ ಒಂದು ಹನಿ ರಕ್ತ, ಪಕ್ಕದಲ್ಲಿ ಒಂದು ಹನಿ ಆ್ಯಂಟಿ-ಡಿ ಪ್ರತಿಕಾಯವಿರುವ ಟೆಸ್ಟ್ ದ್ರಾವಣ. ಕಡ್ಡಿಯಿಂದ ಕಲಸಿ ಸ್ಲೈಡನ್ನು ಮೆಲ್ಲಗೆ ಅತ್ತಿತ್ತ ವಾಲಿಸಿದರೆ ಒಡೆದ ಹಾಲಿನಂತೆ ಕೆಂಪು ಕಾಳುಗಳು ಕಟ್ಟುತ್ತವೆ. ಕಟ್ಟಿದರೆ ಪಾಸಿಟಿವ್: ಕೆಂಪು ಕಣಗಳ ಮೇಲೆ ಡಿ ಆ್ಯಂಟಿಜೆನ್ ಅನ್ನೋ ಪ್ರೋಟೀನ್ ಇದೆ ಅಂತ, ಅಷ್ಟೇ.

ಲಿವರಿಗೆ ತಗಲುವ ಹೆಪಟೈಟಿಸ್ ಬಿ ಇನ್ನೂ ತೊಡಕಿನದು. ಅದಕ್ಕೆ ಎರಡು ಟೆಸ್ಟ್: ಎಚ್‌ಬಿಎಸ್‌ಎಜಿ ವೈರಸ್ಸಿನ ಪ್ರೋಟೀನನ್ನು ಹುಡುಕುತ್ತದೆ, ಆ್ಯಂಟಿ-ಎಚ್‌ಬಿಎಸ್ ಅದರ ವಿರುದ್ಧದ ಪ್ರತಿಕಾಯವನ್ನು. ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂದರೆ ಸೋಂಕು ಇದೆ. ಆ್ಯಂಟಿ-ಎಚ್‌ಬಿಎಸ್ ಪಾಸಿಟಿವ್ ಅಂದರೆ ಲಸಿಕೆಯಿಂದಲೋ, ಸೋಂಕು ಬಂದು ವಾಸಿಯಾಗಿದ್ದರಿಂದಲೋ ರಕ್ಷಣೆ ಸಿಕ್ಕಿದೆ. ದಿನವಿಡೀ ರಕ್ತ ಮುಟ್ಟುವ ನಾವು ಲಸಿಕೆ ಹಾಕಿಸಿಕೊಂಡು, ಈ ಎರಡನೆಯದು ಪಾಸಿಟಿವ್ ಬರಲಿ ಅಂತಲೇ ಕಾಯುತ್ತೇವೆ. ಒಂದೇ ಕಾಯಿಲೆ, ಹೆಚ್ಚುಕಡಿಮೆ ಒಂದೇ ಹೆಸರು, ಪಾಸಿಟಿವ್‌ನ ಅರ್ಥ ಮಾತ್ರ ಪೂರ್ತಿ ಉಲ್ಟಾ. ಇನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ‘ಗ್ರಾಂ ನೆಗೆಟಿವ್’ ಎಂದಿದ್ದರೆ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ. ಗ್ರಾಂ ವಿಧಾನದಲ್ಲಿ ಬಣ್ಣ ಹಾಕಿದಾಗ ಅವು ನೇರಳೆಯಾಗಿ ಉಳಿಯದೆ ಗುಲಾಬಿಯಾಗಿ ಕಂಡಿವೆ ಅಂತ.

ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲು ಇದನ್ನೇ ಹೇಳಿಕೊಡುತ್ತೇನೆ. ಕೌಂಟರಿನಲ್ಲಾಗಲಿ ಫೋನಿನಲ್ಲಾಗಲಿ ‘ಪಾಸಿಟಿವ್ ಬಂದಿದೆ’ ಅಂತ ಬರೀ ಅಷ್ಟು ಹೇಳಿ ನಿಲ್ಲಿಸಬೇಡಿ. ‘ರಕ್ತದ ಗುಂಪು ಬಿ ಪಾಸಿಟಿವ್’ ಅನ್ನಿ. ‘ಡೆಂಗಿ ಟೆಸ್ಟ್ ಪಾಸಿಟಿವ್, ಇವತ್ತೇ ಡಾಕ್ಟರನ್ನು ಕಾಣಿ’ ಅನ್ನಿ. ಎಚ್‌ಐವಿ ಫಲಿತಾಂಶ ಮಾತ್ರ, ಯಾವುದೇ ಇರಲಿ, ಕೌಂಟರಿನಲ್ಲಿ ಬಾಯಿಬಿಡುವಂತಿಲ್ಲ. ಅದನ್ನು ಆಪ್ತಸಮಾಲೋಚಕರೇ ಬಾಗಿಲು ಹಾಕಿಕೊಂಡು ಹೇಳುತ್ತಾರೆ.