ಗಿಲಾವು ಮಾಡದ ಸಿಮೆಂಟು

ನನ್ನ ಅಪ್ಪ ಕುಮಟಾ ಕಡೆ ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ನಮ್ಮ ಮನೆಯಲ್ಲಿ ಸಿಮೆಂಟು ಅಂದರೆ ಗೋಡೆ, ನೆಲ, ಬಾವಿಕಟ್ಟೆ. ಅದರಲ್ಲಿ ನಡೆಯುವ ಮನುಷ್ಯರನ್ನೂ ಮಾಡಬಹುದು ಅಂತ ನನಗೆ ಗೊತ್ತಾಗಿದ್ದು ಶಾಂತಿನಿಕೇತನಕ್ಕೆ ಹೋದ ಮೇಲೆ.

ಅಲ್ಲಿಯ ಕಲಾಶಾಲೆ ಕಲಾಭವನದ ಆವರಣದಲ್ಲಿ ಶಿಲ್ಪಿ ರಾಮಕಿಂಕರ್ ಬೈಜ್ 1938ರಲ್ಲಿ ಮಾಡಿದ 'ಸಂತಾಲ ಕುಟುಂಬ' ಇದೆ. ಸಂತಾಲರು ಅಂದರೆ ಆ ಕಡೆಯ ಒಂದು ಬುಡಕಟ್ಟಿನವರು. ಆಳೆತ್ತರಕ್ಕಿಂತ ದೊಡ್ಡದು. ಗಂಡನ ಹೆಗಲ ಮೇಲೆ ಕಾವಡಿ, ಅದರ ಒಂದು ಬುಟ್ಟಿಯಲ್ಲಿ ಮಗು. ಪಕ್ಕದಲ್ಲಿ ತಲೆಹೊರೆ ಹೊತ್ತ ಹೆಂಡತಿ. ಜೊತೆಗೊಂದು ನಾಯಿ. ಇದ್ದಬದ್ದದ್ದೆಲ್ಲ ಹೊತ್ತುಕೊಂಡು ಬೇರೆ ಊರಿಗೆ ಹೊರಟಿದ್ದಾರೆ.

ಹತ್ತಿರ ಹೋಗಿ ನೋಡಿದೆ. ಮೈಯೆಲ್ಲ ಹರಳು ಹರಳು. ಶಾಂತಿನಿಕೇತನ ಇರುವ ಬೀರಭೂಮ್ ಜಿಲ್ಲೆಯ ಮಣ್ಣು ಕೆಂಪು, ನಮ್ಮೂರಿನ ಚಿರೆಕಲ್ಲಿನದೇ ಜಾತಿ. ಆ ಕೆಂಪು ಹರಳನ್ನೇ ಸಿಮೆಂಟಿಗೆ ಕಲಸಿ, ಕಬ್ಬಿಣದ ಚೌಕಟ್ಟಿನ ಮೇಲೆ ಹಸಿಯಾಗಿ ಎಸೆದೆಸೆದು ಮೆತ್ತಿದ್ದಾರೆ. ಕಂಚು ಎರಕ ಹೊಯ್ಯಲು ದುಡ್ಡಿರಲಿಲ್ಲ. ಇದನ್ನು ಮಾಡಿಕೊಡಿ ಅಂತ ಯಾರೂ ಕೇಳಿಯೂ ಇರಲಿಲ್ಲ. ಆಗ ನಮ್ಮಲ್ಲಿ ಬಯಲಲ್ಲಿ ನಿಲ್ಲುತ್ತಿದ್ದ ಪ್ರತಿಮೆಗಳು ಹೆಚ್ಚಾಗಿ ರಾಜರದ್ದು, ಬ್ರಿಟಿಷ್ ಸಾಹೇಬರದ್ದು. ರಾಮಕಿಂಕರ್ ಕೂಲಿಯವರನ್ನು ಅಷ್ಟೆತ್ತರ ನಿಲ್ಲಿಸಿದರು. ನಾನು ಅಲ್ಲಿಂದ ಬೇಗ ಹೊರಡಲಾಗಲಿಲ್ಲ.

ರಾಮಕಿಂಕರ್ ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುಡಾದ ಬಡ ಕ್ಷೌರಿಕರ ಮನೆಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಶಾಂತಿನಿಕೇತನಕ್ಕೆ ಬಂದು ಚಿತ್ರಕಾರ ನಂದಲಾಲ್ ಬೋಸರ ಶಿಷ್ಯರಾದರು. ಆಮೇಲೆ ಅಲ್ಲೇ ಉಳಿದರು. ರಾಧಾರಾಣಿ ಎಂಬವರ ಜೊತೆ ಮದುವೆಯಾಗದೆ ಬಾಳಿದರು, ಅದನ್ನು ಮುಚ್ಚಿಡಲಿಲ್ಲ. ದೆಹಲಿಯ ರಿಸರ್ವ್ ಬ್ಯಾಂಕ್ ಮುಂದಿರುವ ಯಕ್ಷ-ಯಕ್ಷಿಯರೂ ಇವರದ್ದೇ. ಯಕ್ಷಿಯ ಬರಿಮೈ ನೋಡಿ ದೊಡ್ಡ ಗಲಾಟೆಯೇ ಆಯಿತು. ನನಗೆ ಆ ಗಲಾಟೆಗಿಂತ ಅವರ ಮನೆಯ ಸೂರಿನ ಕಥೆ ಜಾಸ್ತಿ ಕಾಡುತ್ತದೆ. ಬಂಗಾಳಿ ಸಿನಿಮಾ ನಿರ್ದೇಶಕ ಋತ್ವಿಕ್ ಘಟಕ್ 1975ರಲ್ಲಿ ಅವರ ಮೇಲೆ ಒಂದು ಸಾಕ್ಷ್ಯಚಿತ್ರ ಶುರು ಮಾಡಿದ್ದರು, ಮುಗಿಯಲಿಲ್ಲ. ಮಳೆಗಾಲದಲ್ಲಿ ಸೂರು ಸೋರಿದರೆ ರಾಮಕಿಂಕರ್ ತಮ್ಮ ತೈಲಚಿತ್ರಗಳನ್ನೇ ಮೇಲೆ ಅಡ್ಡ ಇಡುತ್ತಿದ್ದ ವಿಷಯ ಅದರಲ್ಲಿ ಬರುತ್ತದೆ. ಪದ್ಮಭೂಷಣ ಬಂದು ಆಗಲೇ ಐದು ವರ್ಷವಾಗಿತ್ತು.

ಅದೇ ಆವರಣದಲ್ಲಿ 1956ರ ಇನ್ನೊಂದು ಶಿಲ್ಪವಿದೆ. ಗಿರಣಿಯ ಸೈರನ್ ಕೇಳಿ ಇಬ್ಬರು ಹೆಂಗಸರು ಓಡುತ್ತಿದ್ದಾರೆ, ಹಿಂದೆ ಮಗು. ಒದ್ದೆ ಸೀರೆ ಗಾಳಿಗೆ ಹಾರುತ್ತಿದೆ. ಒಣಗಿಸುತ್ತಾ ಕೂರಲು ಹೊತ್ತಿಲ್ಲ, ಓಡುತ್ತಲೇ ಒಣಗಬೇಕು. ನನ್ನ ಅಮ್ಮನೂ ಹಾಗೇ, ಸರಿಯಾಗಿ ಆರದ ಸೀರೆ ಉಟ್ಟು ಎಷ್ಟೋ ಸಲ ಕೆಲಸಕ್ಕೆ ಹೋಗಿದ್ದಳು.

ಊರಿಗೆ ಬಂದು ಅಪ್ಪನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅಪ್ಪನ ಗೋಡೆ ಅಂದರೆ ಅಂಗೈ ಸವರಿದರೂ ಒಂದು ಕಾಳು ತಾಗಬಾರದು. ಕರಣೆ ಹಿಡಿದರೆ ಅಷ್ಟು ನುಣುಪು. ಅವರು ಫೋಟೋ ದೊಡ್ಡದು ಮಾಡಿ, ಗಂಡಸಿನ ಕಾಲು, ನಾಯಿ, ಬುಟ್ಟಿ ಒಂದೊಂದೇ ನೋಡಿದರು. "ಗಿಲಾವು ಮಾಡ್ಲಿಲ್ಲ ಅಲ್ವಾ?" ಅಂದರು.

"ಇಲ್ಲ ಅಪ್ಪ, ಬೇಕು ಅಂತಲೇ ಬಿಟ್ಟಿದ್ದಾರೆ."

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದರು. "ಮಾಡಿದ್ರೆ ಇವ್ರು ನಡೀತಿರ್ಲಿಲ್ಲ ತಂಗಿ," ಅಂದರು. ಆಮೇಲೆ ಕನ್ನಡಕ ತರಲು ಎದ್ದರು.